ತೊರೆ ಹಿಡಿದಿಟ್ಟ ಮರ ಮತ್ತು ನಮ್ಮ ಮೇಡಂ

ಬೆಟ್ಟದ ತೊರೆಗಳಲ್ಲಿ ಉದುರಿದ ಎಲೆಯೂ ಬಿದ್ದ ಮರವೂ ಎಲ್ಲಿ ಸಿಕ್ಕಿಕೊಳ್ಳುತ್ತವೆ, ಎಷ್ಟು ಕಾಲ ನಿಲ್ಲುತ್ತವೆ ಎಂಬುದನ್ನು ಅಧ್ಯಯನ ಮಾಡುವವರಲ್ಲಿ ನಮ್ಮ ಮೇಡಂ ಅವರದು ಹಿರಿಯ ಸ್ಥಾನ. ಕಲ್ಲಿನ ಸಂದಿಯಲ್ಲಿ ಕೊಳೆಯುವ ಎಲೆಯೇ ತೊರೆಯ ಹುಳುಹುಪ್ಪಟೆಗಳ ಆಹಾರ, ಅಡ್ಡಬಿದ್ದ ಮರವೇ ನೀರಿನ ರಭಸಕ್ಕೆ ಲಗಾಮು ಎಂಬುದನ್ನು ಅವರು ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ನಮಗೆ ಕಲಿಸಿದರು. ನಡುಗುವ ವಿದ್ಯಾರ್ಥಿಗಳಿಗೆ ತಮ್ಮ ಒಣ ಕಾಲುಚೀಲಗಳನ್ನು ಕೊಟ್ಟು, ತಾವು ಒದ್ದೆ ಬೂಟಿನಲ್ಲೇ ಬೆಟ್ಟ ಇಳಿದ ಅವರ ದೊಡ್ಡತನವನ್ನು ಬಲ್ಲವರು ಬಹಳ ಮಂದಿ. ಅವರ ಭಯವನ್ನು ಕಂಡವರು ಕಡಿಮೆ. ನಾನು ಕಂಡಿದ್ದೇನೆ.

ಅವರು ವಿಶ್ವವಿದ್ಯಾಲಯದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ವರ್ಷ, ಊರಿನ ಮೇಲ್ಭಾಗದ ತೊರೆಯಲ್ಲಿ ಎರಡು ಕಡೆ ರಾಶಿಬಿದ್ದಿದ್ದ ಮರಗಳು ನೆರೆಯಲ್ಲಿ ಕಿತ್ತುಬಂದಾವೆಂದು ಅವನ್ನು ತೆಗೆಸಲು ಪುರಸಭೆ ಹೊರಟಿತ್ತು. ಮೇಡಂ ಬೇಡವೆಂದರು, ಅವರ ಮಾತಿಗೆ ಬೆಲೆಯಿತ್ತು, ಕೆಲಸ ನಿಂತಿತು. ಅದೇ ಮಳೆಗಾಲದ ಒಂದು ಬೆಳಿಗ್ಗೆ ತೊರೆ ಕೆಂಪಗೆ ಉಕ್ಕಿತು. ಸೇತುವೆಯ ಪಕ್ಕದ ಮನೆಗಳನ್ನೆಲ್ಲ ಖಾಲಿ ಮಾಡಿಸಿದರೂ ಒಂದು ಉಳಿಯಿತು. ಅದು ಮೇಡಂ ಅವರ ಸ್ವಂತ ಅಕ್ಕನ ಮನೆ.

ಮೇಡಂ ಮತ್ತು ನಾನು ಓಡಿಹೋದಾಗ, ಟೈಲರಿಂಗ್ ಮಾಡುತ್ತಿದ್ದ ಆ ಅಕ್ಕ ಏನೂ ಆಗಿಲ್ಲವೆಂಬಂತೆ ಕೂತು ಕೋಟಿಗೆ ಗುಂಡಿ ಹೊಲಿಯುತ್ತಿದ್ದರು.

“ಮರ ಅಲ್ಲಾಡಲ್ಲ ಅಂತ ಊರಿಗೆಲ್ಲ ಹೇಳಿದ್ದು ನೀನೇ ಅಲ್ವೇನೇ? ಈಗ ನಾನೇ ಎದ್ದುಹೋದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?”

ಮೇಡಂ ಅಕ್ಕನ ತೋಳು ಹಿಡಿದೆಳೆದರು. “ಮರ್ಯಾದೆ ಹಾಳಾಗ್ಲಿ. ನಂಗೇ ಗ್ಯಾರಂಟಿ ಇಲ್ಲ ಅಕ್ಕಾ. ಏಳೇ, ನಿನ್ನ ಕಾಲಿಗೆ ಬೀಳ್ತೀನಿ.”

ಅಕ್ಕ ತಂಗಿಯ ಮುಖವನ್ನೊಮ್ಮೆ ನೋಡಿ, ಸೂಜಿ ಚುಚ್ಚಿಟ್ಟು ಎದ್ದರು. “ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು? ಹಿಡ್ಕೋ, ಮಷೀನ್ ಬಿಟ್ಟು ನಾನು ಬರಲ್ಲ.”

ಮೂವರೂ ಹೊಲಿಗೆ ಯಂತ್ರ ಹೊತ್ತು ದಿಬ್ಬ ಹತ್ತುವಷ್ಟರಲ್ಲಿ ಮೇಲಿನ ರಾಶಿ ಕಿತ್ತುಬಂದ ಸದ್ದಿಗೆ ನೆಲ ಅದುರಿತು. ಮೇಡಂ ಕಣ್ಣು ಮುಚ್ಚಿಕೊಂಡರು. ಕೆಳಗಿನ ರಾಶಿ ಆ ದಿಮ್ಮಿಗಳನ್ನು ತಡೆದು ನಿಲ್ಲಿಸಿತು. ಸೇತುವೆ ಉಳಿಯಿತು, ಒಂದು ಜೀವವೂ ಹೋಗಲಿಲ್ಲ. ಆದರೆ ತಪ್ಪಿಸಿಕೊಂಡು ಬಂದ ಒಂದು ದಿಮ್ಮಿ ಅಕ್ಕನ ಮನೆಯ ಗೋಡೆ ಒಡೆದು, ಅವರು ಕೂತಿದ್ದ ಜಾಗದಲ್ಲೇ ಬಿದ್ದಿತ್ತು.

ಪುರಸಭೆಯವರು ಹೊಗಳಲು ಬಂದಾಗ ಮೇಡಂ ಆ ಗೋಡೆಯ ಮುಂದೆ ಅವರೆಲ್ಲರನ್ನೂ ನಿಲ್ಲಿಸಿ, “ಇದನ್ನೂ ನೋಡ್ಕೊಂಡು ಹೋಗಿ” ಎಂದರು. ಅಲ್ಲಿಂದಾಚೆಗೆ ಅವರ ಪ್ರತಿಯೊಂದು ಉಪನ್ಯಾಸವೂ ತಮಗೆ ಇನ್ನೂ ತಿಳಿಯದಿರುವುದು ಏನೆಂಬುದರಿಂದಲೇ ಆರಂಭವಾಯಿತು.

ಈಗಲೂ ಮೋಡ ಕಟ್ಟಿದರೆ ಸಾಕು, ಅವರ ಫೋನ್ ಬರುತ್ತದೆ: “ಕೆಳಗಿನ ಮನೆಯವ್ರು ಎದ್ದು ಮೇಲೆ ಬಂದ್ರಾ?” ಹುದ್ದೆಯಿಂದ ನಿವೃತ್ತರಾದ ಮೇಡಂ ಈ ಕಳವಳದಿಂದ ನಿವೃತ್ತರಾಗುವ ಲಕ್ಷಣವಿಲ್ಲ, ಆಗುವುದೂ ಬೇಡ. ಮಳೆ ಬಂದಾಗಲೆಲ್ಲ ನಮ್ಮನ್ನು ಹೀಗೆಯೇ ಎಬ್ಬಿಸುತ್ತಾ ಅವರು ನೂರು ಕಾಲ ಬಾಳಲಿ.