ಐತಾಳರ ನಿದ್ದೆ

ವೈಕುಂಠ ಐತಾಳರು ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ರಾತ್ರಿಯಿಡೀ ರಾಕ್ಷಸರಾಗಿ ಗರ್ಜಿಸಿ, ಹಗಲು ಅದೇ ಶ್ರುತಿಯಲ್ಲಿ ಗೊರಕೆ ಹೊಡೆದವರು. ಕಲಾವಿದರ ಮಾನಸಿಕ ಆರೋಗ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದ ಸಮಾಜಶಾಸ್ತ್ರದ ವಿದ್ಯಾರ್ಥಿನಿ ಸಿಂಚನಾ, ಸಾಲಿಗ್ರಾಮದಲ್ಲಿದ್ದ ಅವರ ಮನೆಗೆ ಬಂದು, "ರಾತ್ರಿ ನಿದ್ರಿ ಬತ್ತಾ?" ಎಂದಳು.

"ಬತ್ತಿಲ್ಲೆ ಮಗಾ."

"ಮೇಳದವ್ರೆಲ್ಲ ಹಾಂಗೇ ಹೇಳ್ತ್ರ್. ಅದ್ ಕೆಲಸದ್ ಅಭ್ಯಾಸ," ಎಂದು ಅವಳು ಮುಂದಿನ ಪ್ರಶ್ನೆಗೆ ಹೋದಳು.

ಒಳಗಿನಿಂದ ಹೆಂಡತಿ ಸುಗುಣಾ ಕೂಗಿದರು: "ಹ್ವಾಯ್, ಮಂಡಿ ನೋವಂತ ಮೇಳ ಬಿಟ್ಟ್ ಎರಡ್ ವರ್ಷ ಆಯ್ತ್ ಅಂದ್ ಹೇಳಿ. ಈಗ ಹಗಲಿಗೂ ನಿದ್ರಿ ಇಲ್ಲೆ."

ಐತಾಳರು ಎಂದಿನಂತೆ ನಗಿಸಲು ಬಾಯಿ ತೆರೆದರು. ಆದರೆ ಕಣ್ಣು ತುಂಬಿತು.

ಸಿಂಚನಾ ಪ್ರಶ್ನೆಗಳನ್ನು ಬದಿಗಿಟ್ಟಳು. "ಕುಂದಾಪ್ರದಗೆ ಮನಸ್ಸಿನ ಡಾಕ್ಟ್ರ್ ಇದ್ರ್. ನಾಳೆ ಹೋಪನಾ?"

ಐತಾಳರು ಮಂಡಿ ಸವರಿಕೊಂಡರು.

"ಬತ್ತೆ. ಇವ್ಳೂ ಬರ್ಲಿ," ಎಂದು ಒಳಗಿದ್ದ ಹೆಂಡತಿಯತ್ತ ಕೈ ತೋರಿಸಿದರು.