ಮೈದುನನ ಮಣ್ಣು, ಅತ್ತೆಯ ಎತ್ತು

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದಷ್ಟು ವರ್ಷ ಕಳೆದಿದ್ದವು. ನಾನು ಹನ್ನೂರಿನ ಮನೆಗೆ ಹೊಸ ಸೊಸೆ. ಪುಣೆಯ ಕಾಲೇಜಿನಲ್ಲಿ ಕಲ್ಲು ಮಣ್ಣಿನ ವಿದ್ಯೆ ಕಲಿಯುತ್ತಿದ್ದ ನನ್ನ ಮೈದುನ ಬೇಸಿಗೆಗೆ ಊರಿಗೆ ಬಂದ. ಬರುವಾಗ ಒಂದು ಕಬ್ಬಿಣದ ಕೊಳವೆ ಹೊತ್ತು ತಂದ. ಬತ್ತಿದ ಕೆರೆಯ ನಡುವೆ ಅದನ್ನು ಬಡಿದು ಇಳಿಸಿ, ಮೇಲೆತ್ತಿ, ಒಳಗಿನ ಮಣ್ಣನ್ನು ಕೋಲಿನಿಂದ ಹೊರಗೆ ತಳ್ಳಿದ. ಹಾವಿನ ಹಾಗೆ ಉದ್ದಕ್ಕಿತ್ತು. ಪಡಸಾಲೆಯಲ್ಲಿ ಹಲಗೆಯ ಮೇಲೆ ಮಲಗಿಸಿ ಒದ್ದೆ ಬಟ್ಟೆ ಹೊದಿಸಿದ.

“ವೈನಿ, ಇದನ್ನ ಮುಟ್ಟಬ್ಯಾಡ್ರಿ. ತಳದ ಮಣ್ಣು ಹಳೇದು, ಮ್ಯಾಲಿಂದು ಹೊಸದು. ಉಸುಕು ಇದ್ದಲ್ಲಿ ನೀರು ಜೋರ್ ಹರದದ, ನುಣ್ಣಗಿದ್ದಲ್ಲಿ ನಿಂತದ. ಸಮುದ್ರದ ತಳಾನೂ ಹಿಂಗ. ಹಡಗದಿಂದ ಕೊಳವಿ ಇಳಿಸಿ ಮಣ್ಣು ತಗೀತಾರ. ಅದರಾಗಿನ ಸಣ್ಣ ಸಣ್ಣ ಚಿಪ್ಪು ನೋಡಿ, ಯಾವ ಕಾಲಕ್ಕ ಭೂಮಿ ಮ್ಯಾಲ ಬರ್ಫ ಬೆಳೀತು, ತಳದಾಗ ತಣ್ಣನ ನೀರು ಹ್ಯಾಂಗ ಹರೀತು, ಎಲ್ಲಾ ಹೇಳಬಹುದು.”

ಜೋಳ ಕೇರುತ್ತಿದ್ದ ಅತ್ತೆ ಕೈಯ ಮೊರ ನಿಲ್ಲಿಸಿದರು. “ಬರ್ಫ ಬೆಳೀತದ? ಸೊಲ್ಲಾಪುರದಾಗ ಕಟ್ಟಿಗಿ ಹೊಟ್ಟಿನಾಗ ಮುಚ್ಚಿ ಕೊಟ್ರೂ ಮನಿಗಿ ಬರೂದ್ರಾಗ ನೀರಾಗ್ತದ. ಯಾರ ಮುಂದ ಹೇಳ್ತಿ?”

ಈ ಮಣ್ಣನ್ನು ಕೆಡದಂತೆ ತಂದು ತೋರಿಸಿದರೆ, ಸಮುದ್ರದ ಮಣ್ಣು ನೋಡುವ ಕೆಲಸಕ್ಕೆ ಸೇರಿಸಿಕೊಳ್ಳುವುದಾಗಿ ಅವನ ಗುರುಗಳು ಹೇಳಿದ್ದರಂತೆ. ಮಣ್ಣು ಒಯ್ಯಲು ಪೆಟ್ಟಿಗೆ ಮಾಡಿಸಬೇಕೆಂದು ಅಕ್ಕಲಕೋಟೆಗೆ ಹೋದ. ಅವನು ಅತ್ತ ಹೋದದ್ದೇ ತಡ, ಮಳೆ ಹೊಡೆದು ಕೆರೆಗೆ ನೀರು ಬಂತು. ಮರುದಿನವೇ ಮಣ್ಣೆತ್ತಿನ ಅಮಾವಾಸ್ಯೆ.

ಪೆಟ್ಟಿಗೆ ಹೊತ್ತು ತಿರುಗಿ ಬಂದರೆ ಹಲಗೆ ಖಾಲಿ. ದೇವರ ಮುಂದೆ ಮಣ್ಣಿನ ಎತ್ತುಗಳು ಸಾಲಾಗಿ ನಿಂತಿದ್ದವು, ಕಣ್ಣಿಗೆ ಜೋಳದ ಕಾಳು ಒತ್ತಿಸಿಕೊಂಡು.

“ಅವ್ವಾ! ಮುಟ್ಟಬ್ಯಾಡ್ರಿ ಅಂತ ಹೇಳಿದ್ನಲ್ಲ!”

“ನಿನ್ನ ವೈನಿಗಿ ಹೇಳಿದಿ. ನನಗ ಹೇಳಿದ್ಯೇನು? ಕೆರಿ ತುಂಬ್ಯದ, ಹಬ್ಬಕ್ಕ ಮಣ್ಣು ಎಲ್ಲಿಂದ ತರ್ಲಿ?”

ಕೆರೆ ತುಂಬಿದ ಮೇಲೆ ಅವನಾದರೂ ಮತ್ತೆ ಎಲ್ಲಿಂದ ತಂದಾನು? ತಲೆಗೆ ಕೈ ಹಚ್ಚಿ ಕುಳಿತುಬಿಟ್ಟ. ನನಗೆ ಒಂದು ಹೊಳೆಯಿತು.

“ಅತ್ತಿ, ಮಣ್ಣು ಯಾವ ಕಡಿಂದ ತಗೊಂಡ್ರಿ?”

“ಬಾಗಲ ಕಡಿಂದ. ಒಂದು ಎತ್ತು ಮುಗಿಸಿ ಸಾಲಿಗಿ ಇಟ್ಟು, ಮುಂದಿಂದು ಮುರಕೊಂಡೆ. ನಡುವಿನ ಮಣ್ಣಿನಾಗ ಉಸುಕು ಭಾಳ, ಎತ್ತಿನ ಕಾಲು ನಿಲ್ಲವಲ್ದು. ಅದರದು ಎತ್ತಿಗಿ ಮೇವು ಹಾಕೂ ಗೋದಲಿ ಮಾಡಿ ಅಲ್ಲೇ ಸಾಲಿನ ನಡುವ ಇಟ್ಟೀನಿ.”

ಮೈದುನ ತಲೆ ಎತ್ತಿದ. ಹೊಸ ಮಣ್ಣಿನ ತುದಿ ಇದ್ದದ್ದು ಬಾಗಿಲ ಕಡೆಗೇ. ಹೊಸತರಿಂದ ಹಳೆಯದರವರೆಗೆ ಸಾಲು ಕೆಟ್ಟಿರಲಿಲ್ಲ. ಎದ್ದು ಮೊದಲ ಎತ್ತಿಗೆ ಕೈ ಹಾಕಿದ.

“ಪೂಜಿ ಆಗೂತನಕ ಮುಟ್ಟಿದ್ರ ಕೈ ಮುರೀತೀನಿ,” ಎಂದರು ಅತ್ತೆ.

ತನ್ನ ಮಣ್ಣಿಗೆ ತಾನೇ ಆರತಿ ಬೆಳಗಿ, ನೈವೇದ್ಯದ ಕಡುಬು ತಿಂದು, ಎತ್ತುಗಳನ್ನೂ ಗೋದಲಿಯನ್ನೂ ಸಾಲು ತಪ್ಪದಂತೆ ಹುಲ್ಲಿನಲ್ಲಿ ಇಟ್ಟು ಪುಣೆಗೆ ಒಯ್ದ.

ಪೆಟ್ಟಿಗೆ ತೆರೆದ ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಒಂದೊಂದು ಎತ್ತಿನೊಳಗೂ ಮಣ್ಣು ಕಲೆತು ಸಣ್ಣ ಪದರುಗಳು ಹಾಳಾಗಿದ್ದವು. ಆದರೂ ಹಳೆಯದು ಯಾವುದು, ಹೊಸದು ಯಾವುದು ತಿಳಿಯುತ್ತಿತ್ತು. ಗೋದಲಿಯ ಉಸುಕು ನೋಡಿ, ಹಿಂದೊಮ್ಮೆ ದೊಡ್ಡ ನೀರು ಬಂದಿತ್ತೆಂದು ಹೇಳಿದರಂತೆ. ಅವನನ್ನು ಕೆಲಸಕ್ಕೂ ಸೇರಿಸಿಕೊಂಡರು.

ಮುಂದಿನ ಸಲ ಬರುವಾಗ ಮೈದುನ ಒಂದು ಸಣ್ಣ ಸೀಸೆ ತಂದ. ಒಳಗೆ ಸಮುದ್ರದ ತಳದ ಮಣ್ಣು. ಎಲ್ಲರೂ ಬಾಯಿ ತೆರೆದು ನೋಡಿದೆವು. ಅತ್ತೆ ಚಿಟಿಕೆಯಷ್ಟು ಬೆರಳಲ್ಲಿ ತಿಕ್ಕಿ ಸೀಸೆ ತಿರುಗಿ ಕೊಟ್ಟರು.

“ಇಷ್ಟ ತಂದಿಯೇನೋ? ಇದರಾಗ ಎತ್ತಿನ ಬಾಲಾನೂ ಆಗೂದಿಲ್ಲ.”