ಟವೆಲಿನಡಿಯ ವ್ಯಾಪಾರ

ಹರಿಹರದಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಅಮ್ಮನ ಎಡಹೆಗಲ ಮೇಲೆ, ಸೆರಗಿನ ಜೊತೆಗೇ, ಕೆಂಪಂಚಿನ ಬಿಳಿ ಟವೆಲೊಂದು ಸದಾ ಇರುತ್ತಿತ್ತು. ಮದುವೆಗೆ ಹೊರಟರೂ ಇಳಕಲ್ ಸೀರೆಯ ಮೇಲೆ ಅದೇ ಟವೆಲು. ಮಗಳು ನಾಚಿಕೆಯಿಂದ ಕಿತ್ತಿಟ್ಟರೆ ಹೊಸಿಲು ದಾಟುವಷ್ಟರಲ್ಲಿ ಅದು ಮತ್ತೆ ಹೆಗಲೇರಿರುತ್ತಿತ್ತು. ಅಮ್ಮನ ತಂದೆ ಪಕ್ಕದ ಸಾರಥಿ ಎಂಬ ಹಳ್ಳಿಯಲ್ಲಿ ಎತ್ತಿನ ವ್ಯಾಪಾರ ಮಾಡುತ್ತಿದ್ದವರು. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಅಮ್ಮ ಹಳೇ ಬೀರು ಮಾರಲಿ, ಮೊರ ಕೊಳ್ಳಲಿ, ಚೌಕಾಸಿ ಮಾತ್ರ ಹಾಗೆಯೇ.

ತೊಂಬತ್ತರ ದಶಕದ ಕೊನೆ. ನನಗೆ ದಾವಣಗೆರೆಯಲ್ಲಿ ಬಿ.ಇಡಿ. ಸೀಟು ಸಿಕ್ಕಿತ್ತು, ಫೀಸಿಗೆ ದುಡ್ಡು ಸಾಲದು. ಊರವರ ರವಿಕೆ ಹೊಲಿದು ನಾನು ಅಷ್ಟು ದೂರ ಓದಿದ್ದ ಹೊಲಿಗೆ ಮಷೀನನ್ನೇ ಮಾರಬೇಕಾಯಿತು. ಸಾವಿರದೈನೂರು ಎಂದು ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟು, ಅಮ್ಮನ ಫೋನ್ ನಂಬರು ಹಾಕಿಸಿದೆ. ಫೋನ್ ಮಾಡಿದವರೆಲ್ಲ "ಲಾಸ್ಟ್ ಎಷ್ಟು?" ಎನ್ನುವವರೇ.

"ಫೋನಾಗ ರೇಟು ಹೇಳೋದಿಲ್ರಿ. ಬಂದು ಮಷೀನು ತುಳೀರಿ, ಆಮೇಲೆ ಕೈ ಕೊಡ್ರಿ" ಎಂದು ಅಮ್ಮ ಇಟ್ಟುಬಿಡುತ್ತಿದ್ದರು.

ಸಫಾರಿ ತೊಟ್ಟವರೊಬ್ಬರು ಬಂದು, ನಿಂತಲ್ಲೇ "ಹಳೇ ಕಬ್ಬಿಣ. ಐನೂರಕ್ಕೆ ಕೊಡ್ರಿ" ಎಂದರು.

"ಮೆಲ್ಲಕ ಕೇಳ್ರಿ, ಮಷೀನಿಗೆ ಕೇಳಿಸ್ತೈತೆ" ಎಂದು ಅಮ್ಮ ಟವೆಲು ಹರವಿ ಕೈ ಚಾಚಿದರು.

ಪರಹೆಂಗಸಿನ ಕೈ ಹಿಡಿದು ಚೌಕಾಸಿಯೇ! ಆ ಮನುಷ್ಯ ಕೆಂಪಾಗಿ ಎರಡೂ ಕೈ ಜೇಬಿಗಿಳಿಸಿದರು. ಅಮ್ಮ ಅವರನ್ನು ಕೂರಿಸಿ, ಮಂಡಕ್ಕಿ ತಿನ್ನಿಸಿಯೇ ಕಳಿಸಿದರು.

ನನಗೆ ಅಳುವೇ ಬಂತು. "ಐನೂರಕ್ಕೇ ಕೊಟ್ಟುಬಿಡೋಣಮ್ಮ. ನಾಡಿದ್ದು ಫೀಸು ಕಟ್ಟಬೇಕು."

"ಅವಸರ ಮುಖದಾಗ ಕಾಣಬಾರ್ದು ತಂಗಿ. ಕಡಿಮಿ ಕೇಳೋದು ಅವ್ರ ಕೆಲ್ಸ, ಅದಕ್ಕೆ ಸಿಟ್ಟು ಯಾಕ? ನಮ್ಮ ಮಾಲು ಎಂಥದ್ದಂತ ನಮಗ ಗೊತ್ತಿದ್ರ ಸಾಕು."

ಮರುದಿನ ಬಾತಿಯಿಂದ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಮಷೀನು ತುಳಿದು ಅದರ ಸದ್ದು ಕೇಳಿದಳು. ಸಾವಿರದ ಮೇಲೆ ಎಷ್ಟು ನೂರೋ ಅಷ್ಟು ಬೆರಳು ಎಂದು ಅಮ್ಮ ಮೊದಲೇ ಹೇಳಿಕೊಟ್ಟರು. ಬೆಕ್ಕಿನ ಮರಿ ಹೊಕ್ಕಂತೆ ಟವೆಲು ಅಲುಗಾಡಿತು. ಆಕೆ ತಲೆಯಲ್ಲಾಡಿಸಿದಳು, ಅಮ್ಮ ಹುಬ್ಬೇರಿಸಿದರು, ಇಬ್ಬರೂ ಕಿಸಕ್ಕನೆ ನಕ್ಕರು. ಟವೆಲು ಸರಿಸಿದಾಗ ಅಮ್ಮನ ಮುಷ್ಟಿಯಲ್ಲಿ ಅವಳ ಮೂರು ಬೆರಳಿದ್ದವು. ಸಾವಿರದ ಮುನ್ನೂರು! ನನ್ನ ಫೀಸಿನ ಚಿಂತೆ ತೀರಿತು.

"ನಿಮ್ಮ ದಲಾಲಿ ಎಷ್ಟಮ್ಮಾ?" ಎಂದೆ. ಟವೆಲು ನನ್ನ ಕೈಮೇಲೆ ಬಿತ್ತು. ಒಂದೇ ಬೆರಳು ಹಿಡಿದರು.

"ನೂರಾ?"

"ದುಡ್ಡು ಯಾರಿಗೆ ಬೇಕು? ದಾವಣಗೆರಿಗೆ ಹೋದಮ್ಯಾಲೆ ತಿಂಗಳಿಗೊಂದ್ಸಲ ಬಂದು ಮಂಡಕ್ಕಿ ತಿಂದು ಹೋಗು."

ನಾನೂ ಚೌಕಾಸಿ ಮಾಡಿ, ತಿಂಗಳಿಗೆರಡು ಸಲ ಎಂದು ಅವರ ಎರಡು ಬೆರಳು ಹಿಡಿದೆ.

ದಾವಣಗೆರೆಯ ವಿದ್ಯಾನಗರದ ಹಾಸ್ಟೆಲಿನಿಂದ ತಪ್ಪದೆ ಹೋದೆ, ಟೀಚರ್ ಕೆಲಸ ಸಿಕ್ಕ ಮೇಲೂ ಹೋದೆ. ಎಷ್ಟೋ ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು, ಮಾತು ನಿಂತಿತು. ನೋಡಿ ಹೊರಟಾಗ ಟವೆಲನ್ನು ನನ್ನ ಕೈಮೇಲೆಳೆದು, ಅಡಿಯಲ್ಲಿ ಒಂದು ಬೆರಳು ಹಿಡಿದರು. ಇನ್ನೊಂದು ಸಲ ಬಾ ಎಂದು. ಅಮ್ಮ ಅಷ್ಟು ಕಡಿಮೆ ಕೇಳಬಾರದಿತ್ತು. ನಾನು ಐದೂ ಬೆರಳನ್ನು ಅವರ ಮುಷ್ಟಿಗೆ ತುರುಕಿದೆ. ಅವರು ನಕ್ಕು, ನಾಲ್ಕನ್ನು ಬಿಡಿಸಿ, ಒಂದನ್ನೇ ಇಟ್ಟುಕೊಂಡರು.

ಆ ಒಂದು ಸಲ ನಾನು ಹೋದದ್ದು ಅವರ ಮಣ್ಣಿಗೆ. ಇಳಕಲ್ ಸೀರೆಯ ಮೇಲೆ ಟವೆಲಿತ್ತು. ಅದನ್ನು ಮಗಳೇ ಹಾಕಿದ್ದಳು.